ಎಳೆ ಮಗುವಿನ ಮೂತ್ರ ಹಿಡಿಯಲು ಹತ್ತಿ ಉಂಡೆ ಸಾಕು

ನರಗಳ ಸಂದೇಶ ಸಾಗಿಸುವ ರಾಸಾಯನಿಕಗಳು ಕೆಲಸ ಮುಗಿದ ಮೇಲೆ ಒಡೆದು ಮೂತ್ರದಲ್ಲಿ ಹೊರಬರುತ್ತವೆ. ಡೋಪಮೈನ್ ಒಡೆದರೆ ಎಚ್‌ವಿಎ, ನಾರ್‌ಅಡ್ರಿನಲಿನ್ ಒಡೆದರೆ ವಿಎಂಎ, ಸಿರೊಟೋನಿನ್ ಒಡೆದರೆ 5-ಎಚ್‌ಐಎಎ. ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಲ್ಲಿ ಇವನ್ನು ಅಳೆಯಬಹುದು. ಆದರೆ ಹೆಚ್ಚಿನ ಸ್ಯಾಂಪಲ್ ಯಂತ್ರಕ್ಕೆ ಹೋಗುವ ಮೊದಲೇ ಕೆಟ್ಟಿರುತ್ತದೆ. ಅದನ್ನು ನೋಡಿ ನೋಡಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಲ್ಯಾಬಿಗೆ ಫೋನ್ ಮಾಡಿ. ಎಷ್ಟು ಮಿಲಿಲೀಟರ್ ಬೇಕು, ಯಾವ ಡಬ್ಬಿ ಎಂದು ಕೇಳಿ.

ಮಗುವಿನ ಚಾರ್ಟ್ ನೋಡಿ. ರಕ್ತದೊತ್ತಡಕ್ಕೆ ಡೋಪಮೈನ್ ಡ್ರಿಪ್ ಹೋಗುತ್ತಿದ್ದರೆ ಎಚ್‌ವಿಎ ಏರುತ್ತದೆ. ಆಗ ಸಿಗುವ ಅಂಕಿ ಔಷಧಿಯದ್ದು, ಮಗುವಿನದ್ದಲ್ಲ. ಔಷಧಿಗಳನ್ನೆಲ್ಲ ಫಾರಂನಲ್ಲಿ ಬರೆಯಲೇಬೇಕು.

ಈಗ ಕಷ್ಟದ ಭಾಗ, ಮೂತ್ರ ಹಿಡಿಯುವುದು. ಅಂಟಿಸುವ ಚೀಲ ಬೇಡ. ಸುಲಭ ಅನಿಸುತ್ತದೆ, ಆದರೆ ಇಂಥ ಮಕ್ಕಳ ಚರ್ಮ ತುಂಬಾ ತೆಳು. ಟೇಪ್ ಕೀಳುವಾಗ ಚರ್ಮವೇ ಕಿತ್ತುಬಂದದ್ದನ್ನು ನಾನು ಕಂಡಿದ್ದೇನೆ. ಜೆಲ್ ಇರುವ ಡೈಪರ್ ಮೂತ್ರವನ್ನೆಲ್ಲ ನುಂಗಿಬಿಡುತ್ತದೆ, ಹಾಗಾಗಿ ಪ್ಲಾಸ್ಟಿಕ್ ಬದಿ ಒಳಗೆ ಬರುವಂತೆ ತಿರುವಿ ಹಾಕಿ. ಅದರ ಮೇಲೆ ಔಷಧಿ ಲೇಪವಿಲ್ಲದ ಸ್ವಚ್ಛ ಹತ್ತಿ ಉಂಡೆ ಇಡಿ. ಹೆಣ್ಣು ಮಗುವಾದರೆ ಮೂತ್ರದ ದಾರಿಗೆ ತಾಗಿರಲಿ, ಗಂಡಾದರೆ ಮುಂದಕ್ಕೆ ಇಡಿ. ಕ್ರೀಮು, ಪೌಡರು ಬೇಡ. ಒಂದು ಕಿಲೋ ಮಗುವಿಗೆ ಗಂಟೆಗೆ ಬರುವುದೇ ಸುಮಾರು 1ರಿಂದ 3 ಮಿಲಿಲೀಟರ್, ಆದ್ದರಿಂದ ತಾಳ್ಮೆ ಬೇಕು. ಹಾಗಂತ ಮರೆತು ಬಿಡಬೇಡಿ. ಇನ್‌ಕ್ಯುಬೇಟರ್ ಬೆಚ್ಚಗಿರುತ್ತದೆ, ಒದ್ದೆ ಹತ್ತಿ ಅಲ್ಲೇ ಉಳಿದಷ್ಟೂ ಸ್ಯಾಂಪಲ್ ಹಾಳಾಗುತ್ತದೆ. ಆದರೆ ಇದಕ್ಕಾಗಿಯೇ ಮತ್ತೆ ಮತ್ತೆ ಮಗುವನ್ನು ಎಬ್ಬಿಸುವುದೂ ಸರಿಯಲ್ಲ, ಹಾಲಿನ ಹೊತ್ತಿಗೆ ಸೇರಿಸಿ ನೋಡಿ. ಮಲ ತಾಗಿದ ಹತ್ತಿಯನ್ನು ಎಸೆಯಿರಿ. ತೊಳೆದು ಹಿಂಡುವುದೆಲ್ಲ ಬೇಡವೇ ಬೇಡ.

ಕೈಗವಸು ಹಾಕಿ. ಸಿರಿಂಜಿನ ಹಿಂದಿನ ಕಡ್ಡಿ ತೆಗೆದು, ಒದ್ದೆ ಹತ್ತಿ ತುಂಬಿ, ಮತ್ತೆ ಕಡ್ಡಿ ಹಾಕಿ ಒತ್ತಿ. ಮೂತ್ರ ಡಬ್ಬಿಗೆ ಇಳಿಯುತ್ತದೆ.

ಸ್ಯಾಂಪಲ್ ಕೆಡದಂತೆ ಆಸಿಡ್ ಹಾಕುವುದಿದ್ದರೆ ಡಬ್ಬಿಗೆ ಮಾತ್ರ, ಅದೂ ಮಗುವಿನಿಂದ ದೂರ ನಿಂತು, ಲ್ಯಾಬ್ ಹೇಳಿದಷ್ಟೇ. ಮಗುವಿನ ಮೈ ಹತ್ತಿರದ ಯಾವುದಕ್ಕೂ ಅದು ತಾಗಬಾರದು. ಬೆಳಕು ಬೀಳದಂತೆ ಫಾಯಿಲ್ ಸುತ್ತಿ, ತಕ್ಷಣ ಮಂಜುಗಡ್ಡೆಯಲ್ಲಿಡಿ. ಕಳಿಸುವುದು ತಡವಾದರೆ ಫ್ರೀಜರ್.

ಇಷ್ಟು ಚಿಕ್ಕ ಮಕ್ಕಳಿಂದ 24 ಗಂಟೆಯ ಮೂತ್ರ ಕೂಡಿಸುವುದು ಆಗದ ಮಾತು, ಅಲ್ವಾ? ಅದಕ್ಕೇ ರಿಪೋರ್ಟಿನಲ್ಲಿ ಕ್ರಿಯೇಟಿನಿನ್‌ಗೆ (ಸ್ನಾಯುಗಳಿಂದ ಮೂತ್ರಕ್ಕೆ ಬರುವ ತ್ಯಾಜ್ಯಕ್ಕೆ) ಹೋಲಿಸಿದ ಅಂಕಿ ಕೇಳಿ. ದೊಡ್ಡವರ ಮಿತಿಗೆ ಹೋಲಿಸಬೇಡಿ. ಇನ್ನೊಂದು ಮಾತು, ತಂದೆ ತಾಯಿಗೆ ಇದನ್ನು 'ಮೆದುಳಿನ ಟೆಸ್ಟ್' ಎಂದು ಹೇಳಬೇಡಿ. ಮೂತ್ರಕ್ಕೆ ಬರುವ ಇವುಗಳಲ್ಲಿ ಜಾಸ್ತಿ ಪಾಲು ಮೆದುಳಿನ ಹೊರಗಿನ ನರಗಳು, ಅಡ್ರಿನಲ್ ಗ್ರಂಥಿ, ಕರುಳಿನಂಥ ಕಡೆಗಳಿಂದ ಬಂದಿರುತ್ತದೆ.