ಮಗುವಿಗೆ ಟ್ಯಾಬ್ ಕೊಡಬೇಕಾ? ಮೊದಲು ಮನೆಯ ಜಗಳ ಮುಗಿಸಿ

ಒಂದು ಕಾಲದಲ್ಲಿ ಗಲ್ಫಿನಿಂದ ಬರುವ ಪೆಟ್ಟಿಗೆಯಲ್ಲಿ ಟೇಪ್ ರೆಕಾರ್ಡರ್, ಟಾರ್ಚ್, ಟ್ಯಾಂಗ್ ಡಬ್ಬ ಇರುತ್ತಿತ್ತು. ಈಗ ಟ್ಯಾಬ್. ಕಳೆದ ವರ್ಷ ನನ್ನ ಅಣ್ಣ ದುಬೈಯಿಂದ ಬಂದವನು ಬಟ್ಟೆಗಳ ಅಡಿಯಿಂದ ಒಂದು ಟ್ಯಾಬ್ ತೆಗೆದು ಸೀದಾ ನನ್ನ ಮಗನ ಕೈಗೇ ಕೊಟ್ಟ. ಮಗನಿಗೆ ಆಗ ನಾಲ್ಕೂವರೆ ವರ್ಷ. ನನ್ನನ್ನು ಕೇಳಲಿಲ್ಲ, ನನ್ನ ಗಂಡನನ್ನೂ ಕೇಳಲಿಲ್ಲ. "ಮಾಮ ತಂದದ್ದು, ನಂದು" ಎಂದು ಮಗ ಅದನ್ನು ಎದೆಗೆ ಅವುಚಿಕೊಂಡು ಸೋಫಾದ ಹಿಂದೆ ಹೋಗಿ ಕೂತ.

ಆಮೇಲೆ ಮಂಗಳೂರಿನ ಬಿಜೈಯ ನಮ್ಮ ಫ್ಲ್ಯಾಟಿನಲ್ಲಿ ಮೂರು ದಿನ ಚರ್ಚೆ. ಚರ್ಚೆ ಅಂದದ್ದು ಮರ್ಯಾದೆಗೆ. "ಎಲ್ಲ ಮಕ್ಕಳ ಹತ್ತಿರವೂ ಉಂಟು, ನಮ್ಮವ ಮಾತ್ರ ಹಿಂದೆ ಬೀಳುದು ಎಂತಕ್ಕೆ?" ಎಂದು ಗಂಡ. "ಕಣ್ಣು ಹಾಳಾಗ್ತದೆ ಮಾರಾಯ್ತಿ, ಕಪಾಟಿನಲ್ಲಿಡು" ಎಂದು ಅತ್ತೆ. ಮಧ್ಯಾಹ್ನ ಗಂಜಿ ತಿನ್ನಿಸುವಾಗ ತಮ್ಮ ಫೋನಿನಲ್ಲಿ ಕಾರ್ಟೂನ್ ಹಾಕುತ್ತಿದ್ದವರೂ ಇದೇ ಅತ್ತೆ. ನಾನು ಬೆಳಿಗ್ಗೆ ಒಂದು ಪಕ್ಷ, ಅಡುಗೆಯ ಹೊತ್ತಿಗೆ ಇನ್ನೊಂದು ಪಕ್ಷ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮನೆಗೆ ಟ್ಯಾಬ್ ಬರಬಹುದು. ಆದರೆ ಏಳೆಂಟು ವರ್ಷದೊಳಗಿನ ಮಗುವಿಗೆ "ನಂದು" ಅನ್ನುವ ಟ್ಯಾಬ್ ಬೇಡ. ಮನೆಯ ಟಿವಿ, ಮನೆಯ ಫ್ರಿಜ್ ಇದ್ದ ಹಾಗೆ ಮನೆಯ ಟ್ಯಾಬ್. ಅದನ್ನು ಹಾಗೆ ಉಳಿಸಿಕೊಳ್ಳುವುದು ಹೇಗೆ ಎಂಬುದೇ ಇಲ್ಲಿನ ವಿಷಯ.

ಮೊದಲು ದೊಡ್ಡವರು ಕೂತು ಮಾತಾಡಿ

ಮಗು ಮಲಗಿದ ಮೇಲೆ ಕೂರಿ. ಅಜ್ಜ, ಅಜ್ಜಿ ಜೊತೆಗಿದ್ದರೆ ಅವರನ್ನು ಬಿಟ್ಟು ಈ ಮಾತು ಆಡಬೇಡಿ. ಹಗಲು ಮಗುವಿನ ಜೊತೆ ಇರುವವರು ಅವರು ತಾನೆ?

ಮಾತಿಗೆ ಒಂದು ಆಧಾರ ಬೇಕಲ್ಲ, ಅದಕ್ಕೆ ಈ ಲೆಕ್ಕ ಇಟ್ಟುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳ ಬಗ್ಗೆ ಸಲಹೆ ಕೊಟ್ಟಿದೆ. ಎರಡು ವರ್ಷ ತುಂಬುವವರೆಗೆ ಪರದೆಯೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, ಕಮ್ಮಿ ಆದಷ್ಟು ಒಳ್ಳೆಯದು. ನಮ್ಮ ದೇಶದ ಮಕ್ಕಳ ಡಾಕ್ಟರುಗಳ ಸಂಘ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳುವುದೂ ಹೆಚ್ಚುಕಮ್ಮಿ ಇದನ್ನೇ: ಎರಡು ವರ್ಷದವರೆಗೆ ಬೇಡ, ಎರಡರಿಂದ ಐದಕ್ಕೆ 1 ಗಂಟೆ ಮೀರಬಾರದು, ಐದರಿಂದ ಹತ್ತಕ್ಕೆ 2 ಗಂಟೆಯ ಒಳಗೆ. ನೆನಪಿಡಿ, ಇದು ಟಿವಿ, ಫೋನ್, ಟ್ಯಾಬ್ ಎಲ್ಲ ಸೇರಿಸಿದ ಲೆಕ್ಕ. ನನ್ನ ಗಂಡ "ಟ್ಯಾಬಿಗೆ ಒಂದು ಗಂಟೆ" ಎಂದು ಖುಷಿಪಟ್ಟಿದ್ದರು. ಅಜ್ಜಿಯ ಧಾರಾವಾಹಿಯನ್ನು ಮಗುವೂ ಕೂತು ನೋಡುತ್ತದೆ ಎಂದಾಗ ಅರ್ಧ ಗಂಟೆ ಅಲ್ಲಿಗೇ ಹೋಯಿತು.

ದೂರದ ಊರಿನಲ್ಲಿರುವ ಅಪ್ಪನ ಜೊತೆ, ಮಾಮನ ಜೊತೆ ಆಗಾಗ ವಿಡಿಯೊ ಕಾಲ್ ಮಾಡುವುದಕ್ಕೆ ಚಿಕ್ಕ ಮಕ್ಕಳಿಗೂ ರಿಯಾಯಿತಿ ಉಂಟು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಿಗೆ ಇದು ಸಮಾಧಾನದ ಮಾತು.

ಆಮೇಲೆ ಒಬ್ಬೊಬ್ಬರೂ ಒಂದು ಪ್ರಶ್ನೆಗೆ ಸುಳ್ಳು ಹೇಳದೆ ಉತ್ತರಿಸಿ: ನಾನು ಮಗುವಿಗೆ ಫೋನ್ ಕೊಡುವುದು ಯಾವ ಹೊತ್ತಿಗೆ? ನಾವು ಕ್ಯಾಲೆಂಡರಿನ ಹಳೆ ಹಾಳೆಯ ಹಿಂದೆ ಬರೆದೆವು. ಅತ್ತೆಯದ್ದು ಊಟದ ಹೊತ್ತು. ನನ್ನದು ಸಂಜೆ ಅಡುಗೆಯ ಹೊತ್ತು. ಗಂಡನದ್ದು ಉಡುಪಿಗೆ ಹೋಗುವಾಗ ಕಾರಿನಲ್ಲಿ. ಮೂರೂ ನಮ್ಮ ಅಗತ್ಯ, ಮಗುವಿನದ್ದು ಒಂದೂ ಇಲ್ಲ! ಊಟದ ಹೊತ್ತಿನದ್ದನ್ನು ಪೂರ್ತಿ ತೆಗೆದೆವು, ಉಳಿದ ಎರಡನ್ನು ಇಟ್ಟುಕೊಂಡೆವು.

ಆ ರಾತ್ರಿಯ ಒಳ್ಳೆಯ ಮಾತು ಅತ್ತೆಯದ್ದೇ. "ನಂಬರ್ ಎಂತದೂಂತ ನನಗೆ ಹೇಳ್ಬೇಡ. ಅವ ಕೂಗಿದ್ರೆ ನಾನು ತೆಗೆದು ಕೊಟ್ಟುಬಿಡ್ತೇನೆ" ಎಂದರು. ಈಗಲೂ ಅವರಿಗೆ ಪಿನ್ ಗೊತ್ತಿಲ್ಲ. ಮೊಮ್ಮಗ ಕೇಳಿದರೆ "ನಂಗೆ ಬರುದಿಲ್ಲ ಮಗಾ" ಎಂದು ಧೈರ್ಯವಾಗಿ ಹೇಳುತ್ತಾರೆ.

ಎರಡು ವಾರ ಮನೆಯ ಫೋನಿನಲ್ಲೇ ಪರೀಕ್ಷೆ

ಟ್ಯಾಬ್ ಇನ್ನೂ ಕೊಂಡಿಲ್ಲ ಅಂದರೆ ಒಳ್ಳೆಯದಾಯಿತು. ಇರುವ ಫೋನಿನಲ್ಲಿ ದಿನಕ್ಕೆ ಅರ್ಧ ಗಂಟೆ, ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಕೂತು ನೋಡುವ ಕ್ರಮ ಮಾಡಿ. ಎಷ್ಟು ಹೊತ್ತು ನೋಡಿತು ಎನ್ನುವುದು ಇಲ್ಲಿ ಮುಖ್ಯ ಅಲ್ಲ, ಹೇಗೆ ಮುಗಿಸಿತು ಎನ್ನುವುದನ್ನು ಗಮನಿಸಿ. ಎರಡನೇ ವಾರದ ಹೊತ್ತಿಗೆ ಕರೆದಾಗ ತಿರುಗಿ ನೋಡುತ್ತದಾ? ಫೋನ್ ವಾಪಸ್ ಕೊಡುತ್ತದಾ? ನೋಡಿದ್ದರ ಬಗ್ಗೆ ಒಂದು ಮಾತಾದರೂ ಹೇಳುತ್ತದಾ? ದಿನಾ ರಂಪವೇ ಆದರೆ ಟ್ಯಾಬ್ ಆರು ತಿಂಗಳು ಮುಂದೆ ಹಾಕಿ. ಅಂಗಡಿ ಎಲ್ಲಿಗೂ ಓಡಿ ಹೋಗುವುದಿಲ್ಲ.

ಕೊಳ್ಳುವಾಗ

ಇದರಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳುವಂಥದ್ದಿಲ್ಲ. ಸಿಮ್ ಹಾಕುವ ಮಾದರಿ ಬೇಡ, ವೈಫೈ ಮಾತ್ರ ಇರುವುದು ಸಾಕು. ರೂಟರ್ ಆಫ್ ಮಾಡಿದರೆ ಇಂಟರ್ನೆಟ್ ಮುಗಿಯಿತು. 10ರಿಂದ 15 ಸಾವಿರದೊಳಗಿನ ಟ್ಯಾಬ್ ಈ ವಯಸ್ಸಿಗೆ ಧಾರಾಳ. ದಪ್ಪ ರಬ್ಬರ್ ಕವರಿಗೆ ಮಾತ್ರ ಜಿಪುಣತನ ಮಾಡಬೇಡಿ. ಗಲ್ಫಿನಿಂದ ತರಿಸುವುದಾದರೆ ವಾರಂಟಿ ಇಲ್ಲಿ ನಡೆಯುತ್ತದಾ ಎಂದು ಮೊದಲೇ ಕೇಳಿಸಿ. ಅಲ್ಲಿಯ ಚಾರ್ಜರಿನ ಮೂರು ಚಪ್ಪಟೆ ಪಿನ್ ನಮ್ಮ ಸ್ವಿಚ್ ಬೋರ್ಡಿಗೆ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಮೊದಲ ರಾತ್ರಿ ಟ್ಯಾಬ್ ಚಾರ್ಜ್ ಆಗಲಿಲ್ಲ. ಅದೊಂದು ರಾತ್ರಿ ಎಲ್ಲರೂ ನೆಮ್ಮದಿಯಾಗಿ ಮಲಗಿದೆವು.

ಮಗು ನೋಡುವ ಮೊದಲೇ ಸೆಟ್ಟಿಂಗ್ ಮುಗಿಸಿ

ನಾವು ತಪ್ಪಿದ್ದು ಇಲ್ಲೇ. ಮಗುವಿನ ಕೈಗೆ ಹೋದ ಮೇಲೆ ಕಿತ್ತುಕೊಂಡು ಸೆಟ್ಟಿಂಗ್ ಮಾಡಲು ಹೊರಟರೆ ನೀವು ಕಳ್ಳರಾಗುತ್ತೀರಿ. ಒಂದು ಸಂಜೆ ಇದಕ್ಕೇ ಇಡಿ.

ಆಂಡ್ರಾಯ್ಡ್ ಟ್ಯಾಬ್ ಆದರೆ ನಿಮ್ಮ ಫೋನಿನಲ್ಲಿ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಹಾಕಿ. ಅದರ ಮೂಲಕ ಮಗುವಿಗೆ ಬೇರೆ ಖಾತೆ ತೆರೆದು ಟ್ಯಾಬಿಗೆ ಆ ಖಾತೆಯನ್ನೇ ಕೊಡಿ. ನಿಮ್ಮ ಖಾತೆ ಹಾಕಬೇಡಿ. ನಿಮ್ಮ ಖಾತೆಯಲ್ಲಿ ನೀವು ದೊಡ್ಡವರು, ಅಲ್ಲಿ ಬರುವುದೂ ದೊಡ್ಡವರದ್ದೇ. ಹುಟ್ಟಿದ ವರ್ಷವನ್ನು ಸರಿಯಾಗಿ ಬರೆಯಿರಿ. ಬೇಗ ಮುಗಿಯಲಿ ಎಂದು ಸುಮ್ನೆ ಯಾವುದೋ ವರ್ಷ ಒತ್ತಿದರೆ ಮಕ್ಕಳಿಗೆಂದು ಇರುವ ಬೇಲಿಯೆಲ್ಲ ತನ್ನಿಂದ ತಾನೇ ತೆಗೆದುಹೋಗುತ್ತದೆ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾನೂನೂ 18 ವರ್ಷದೊಳಗಿನವರ ಮಾಹಿತಿ ಬಳಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕು ಎನ್ನುತ್ತದೆ. ಮಗುವಿನ ನಿಜವಾದ ವಯಸ್ಸು ಹೇಳಿದರೆ ತಾನೆ ಆ ರಕ್ಷಣೆ?

ಫ್ಯಾಮಿಲಿ ಲಿಂಕ್‌ನಲ್ಲಿ ಮೂರು ಕೆಲಸ ಮಾಡಿ. ದಿನದ ಮಿತಿ ಹಾಕಿ. ವಾರದ ಒಂದೊಂದು ದಿನಕ್ಕೆ ಬೇರೆ ಬೇರೆ ಇಡಬಹುದು. ಡೌನ್‌ಟೈಮ್ ಹಾಕಿ, ಅಂದರೆ ಟ್ಯಾಬ್ ತನ್ನಿಂದ ತಾನೇ ಲಾಕ್ ಆಗಿರುವ ಹೊತ್ತು. ನಮ್ಮಲ್ಲಿ ಅದು ಸಂಜೆ ಏಳೂವರೆಯಿಂದ ಬೆಳಿಗ್ಗೆವರೆಗೆ. ಯಾವ ಆ್ಯಪ್ ಇಳಿಸಬೇಕಾದರೂ, ಏನು ಕೊಳ್ಳಬೇಕಾದರೂ ನಿಮ್ಮ ಒಪ್ಪಿಗೆ ಬೇಕು ಎಂದು ಇಡಿ. ಪುಕ್ಕಟೆ ಆಟಗಳ ಒಳಗೆ ವಜ್ರ, ನಾಣ್ಯ ಮಾರುವ ಅಂಗಡಿ ಇರುತ್ತದೆ. ನಾಲ್ಕು ವರ್ಷದ ಮಗುವಿಗೆ ಅದು ಆಟದ್ದೇ ಇನ್ನೊಂದು ಬಟನ್.

ಐಪ್ಯಾಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಸ್ಕ್ರೀನ್ ಟೈಮ್ ಎಂಬಲ್ಲಿ ಇವೆಲ್ಲ ಉಂಟು. ಜೊತೆಗೆ ಆಕ್ಸೆಸಿಬಿಲಿಟಿಯ ಒಳಗೆ ಗೈಡೆಡ್ ಆಕ್ಸೆಸ್ ಎಂದು ಒಂದಿದೆ. ಅದನ್ನು ಆನ್ ಮಾಡಿಟ್ಟು, ಆ್ಯಪ್ ತೆರೆದು ಹೋಮ್ ಬಟನ್ (ಅದಿಲ್ಲದ ಮಾದರಿಯಲ್ಲಿ ಮೇಲಂಚಿನ ಬಟನ್) ಮೂರು ಸಲ ಒತ್ತಿದರೆ ಮಗು ಆ ಒಂದು ಆ್ಯಪ್ ಬಿಟ್ಟು ಹೊರಗೆ ಹೋಗಲಾರದು. ಆಂಡ್ರಾಯ್ಡಿನಲ್ಲಿ ಇದೇ ಕೆಲಸಕ್ಕೆ ಆ್ಯಪ್ ಪಿನ್ನಿಂಗ್ ಉಂಟು.

ಯೂಟ್ಯೂಬ್ ಬೇಡ, ಯೂಟ್ಯೂಬ್ ಕಿಡ್ಸ್ ಹಾಕಿ. ಹಾಕಿದರೆ ಸಾಕಾ? ಸಾಲದು. ಅದರಲ್ಲೂ ಆಟಿಕೆಯ ಪೆಟ್ಟಿಗೆ ಬಿಚ್ಚುವ ವಿಡಿಯೊ ಒಂದರ ಬಾಲಕ್ಕೆ ಇನ್ನೊಂದು ಬರುತ್ತಲೇ ಇರುತ್ತದೆ. ನೀವು ಒಪ್ಪಿದ ವಿಡಿಯೊ ಮತ್ತು ಚಾನೆಲ್ ಮಾತ್ರ ಕಾಣುವಂತೆ ಮಾಡುವ ಆಯ್ಕೆ ಅದರ ಸೆಟ್ಟಿಂಗ್‌ನಲ್ಲಿದೆ. ಅದನ್ನು ಒತ್ತಿದರೆ ಹುಡುಕುವ ಪೆಟ್ಟಿಗೆಯೂ ಮಾಯ. ಹತ್ತು ಹದಿನೈದು ವಿಡಿಯೊ ಆರಿಸಿ ಕೊಡಿ. ಬೋರಾಗುತ್ತದಲ್ಲ ಎನ್ನುತ್ತೀರಾ? ಆಗಲಿ. ಬೋರಾದರೆ ಎದ್ದು ಬರುತ್ತದೆ, ನಮಗೆ ಬೇಕಾದದ್ದೂ ಅದೇ.

ಇನ್ನು ಪಿನ್. ನಾನು ಮಗನ ಹುಟ್ಟಿದ ದಿನವನ್ನು ಇಟ್ಟಿರಲಿಲ್ಲ, ಅಷ್ಟು ಬುದ್ಧಿ ಇತ್ತು. ಆದರೂ ಮೂರನೇ ವಾರ ಒಂದು ಸಂಜೆ ಟ್ಯಾಬ್ ತೆರೆದುಕೊಂಡು ಕೂತಿದ್ದ. ಹೇಗೆ ಗೊತ್ತಾಯಿತು ಎಂದು ಕೇಳಿದರೆ ಟ್ಯಾಬನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ತೋರಿಸಿದ. ಗೋಳಿಬಜೆ ಕರಿಯುತ್ತಾ ಎಣ್ಣೆ ಕೈಯಲ್ಲೇ ನಾನು ಪಿನ್ ಒತ್ತಿದ್ದೆ. ನಾಲ್ಕು ಅಂಕಿಗಳ ಮೇಲೆ ನಾಲ್ಕು ಬೆರಳಿನ ಗುರುತು, ಸಾಲಾಗಿ 2, 5, 8, 0. ಅವನಿಗೆ ಅಂಕಿ ಓದಲು ಬರಬೇಕೆಂದೇ ಇರಲಿಲ್ಲ. ಕೋಪ ಬರಬೇಕಿತ್ತು, ನಗು ಬಂತು. ಪಿನ್ ಬದಲಾಯಿಸಿ, ಸೆರಗಿನಲ್ಲಿ ಪರದೆ ಒರೆಸುವುದನ್ನೂ ಕಲಿತೆ.

ಇಡುವ ಜಾಗ

ಟ್ಯಾಬಿಗೆ ಒಂದೇ ಜಾಗ: ಚಾವಡಿ, ಫ್ಲ್ಯಾಟಿನವರಿಗೆ ಹಾಲ್. ಮಲಗುವ ಕೋಣೆಗೆ ಬೇಡ, ಮಲಗುವ ಒಂದು ಗಂಟೆ ಮೊದಲಿನಿಂದ ಬೇಡ. ಚಾರ್ಜಿಗೆ ಹಾಕುವುದು ದೊಡ್ಡವರ ಕೋಣೆಯಲ್ಲಿ. ಮಲಗಿಕೊಂಡು ನೋಡುವುದಿಲ್ಲ, ಮೇಜಿನ ಮೇಲೆ ಸ್ಟ್ಯಾಂಡಿಗೆ ಒರಗಿಸಿ ನೋಡುವುದು. ಕಣ್ಣಿಗೆ 20-20-20 ಎಂಬ ಸುಲಭದ ಕ್ರಮ ಉಂಟು: 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ಏನನ್ನಾದರೂ, 20 ಸೆಕೆಂಡ್ ನೋಡುವುದು. ನಮ್ಮವನು ಬಾಲ್ಕನಿಗೆ ಹೋಗಿ ಎದುರಿನ ತೆಂಗಿನಮರದ ಬೊಂಡ ಎಣಿಸುತ್ತಾನೆ. ದಿನಾ ಹೊರಗೆ ಬೆಳಕಿನಲ್ಲಿ ಆಡುವ ಮಕ್ಕಳಿಗೆ ದೂರದ್ದು ಮಬ್ಬಾಗಿ ಕಾಣುವ ದೋಷ ಬರುವುದು ಕಮ್ಮಿ. ಹಾಗಾಗಿ ಕದ್ರಿ ಪಾರ್ಕಿನ ಸಂಜೆಯನ್ನು ಟ್ಯಾಬಿಗಾಗಿ ಬಿಟ್ಟುಕೊಡಬೇಡಿ.

ಸಾಧ್ಯವಾದಷ್ಟು ದಿನ ಪಕ್ಕದಲ್ಲಿ ಕೂರಿ. ದಿನಾ ಆಗುವುದಿಲ್ಲ, ನನಗೂ ಆಗುವುದಿಲ್ಲ. ಒಲೆಯ ಮೇಲೆ ಸಾಂಬಾರು ಇದ್ದಾಗ ಯಾರು ಕೂರುತ್ತಾರೆ?

ಆಫ್ ಮಾಡುವ ಹೊತ್ತು

ಕೊಡುವುದು ಏನೂ ಕಷ್ಟ ಅಲ್ಲ. ಎಲ್ಲ ಮನೆಗಳಲ್ಲೂ ಯುದ್ಧ ಆಗುವುದು ವಾಪಸ್ ತೆಗೆದುಕೊಳ್ಳುವಾಗ.

ಮೊದಲ ವಾರ ನಾನು ಸಮಯ ಆದ ಕೂಡಲೇ ಕೈಯಿಂದ ಎಳೆದುಕೊಳ್ಳುತ್ತಿದ್ದೆ. ಅವನು ನೆಲದಲ್ಲಿ ಬಿದ್ದು ಕೂಗುವುದು, ಕೆಳಗಿನ ಮನೆಯವರು ಮರುದಿನ ಲಿಫ್ಟಿನಲ್ಲಿ "ಮಗುವಿಗೆ ಹುಷಾರಿಲ್ವಾ?" ಎಂದು ಕೇಳುವುದು. ಆಮೇಲೆ ಯೋಚಿಸಿದೆ. ನಾನು ಓದುತ್ತಿರುವ ಪೇಪರನ್ನು ಯಾರಾದರೂ ಹಾಗೆ ಎಳೆದರೆ ನಾನು ಸುಮ್ಮನಿರುತ್ತೇನಾ?

ಈಗ ಹೀಗೆ ಮಾಡುತ್ತೇವೆ. ಮುಗಿಯಲು ಐದು ನಿಮಿಷ ಇರುವಾಗ ಹತ್ತಿರ ಹೋಗಿ ಹೇಳುವುದು. ಅಡುಗೆಮನೆಯಿಂದ ಕೂಗಿ ಹೇಳಿದರೆ ಕೇಳಿಸುವುದೇ ಇಲ್ಲ. ಐದು ನಿಮಿಷ ಎಂದರೆ ಎಷ್ಟು ಎಂದು ಆ ವಯಸ್ಸಿಗೆ ಗೊತ್ತಾಗುವುದಿಲ್ಲ, "ಈ ವಿಡಿಯೊ ಮುಗಿದರೆ ಆಯ್ತು" ಎಂದರೆ ಗೊತ್ತಾಗುತ್ತದೆ. ಆಫ್ ಬಟನ್ ಒತ್ತುವ ಅಧಿಕಾರ ಅವನದ್ದೇ. ಒತ್ತಿ, ಕವರ್ ಮುಚ್ಚಿ, ಅಪ್ಪನ ಮೇಜಿನ ಮೇಲೆ ಇಟ್ಟು ಬರಬೇಕು. ಅಷ್ಟರಲ್ಲಿ ನನ್ನ ಕೈಯಲ್ಲಿ ಮುಂದಿನ ಕೆಲಸ ತಯಾರಿರಬೇಕು. ಬಟಾಣಿ ಸುಲಿಯಲು ಒಂದು ತಟ್ಟೆ, ಗಿಡಕ್ಕೆ ನೀರು ಹಾಕಲು ಒಂದು ಚೆಂಬು. "ಆಯ್ತು, ಈಗ ಆಡು ಹೋಗು" ಎಂದರೆ ಮಗು ಎಲ್ಲಿಗೆ ಹೋಗಬೇಕು ಹೇಳಿ?

ಇಷ್ಟು ಮಾಡಿದರೂ ಕೆಲವು ದಿನ ಕೂಗುತ್ತಾನೆ. ಕೂಗಲಿ. ಕೂಗಿದ್ದಕ್ಕೆ ಹತ್ತು ನಿಮಿಷ ಜಾಸ್ತಿ ಸಿಕ್ಕಿತು ಎಂದಾದರೆ ಮರುದಿನ ಅದಕ್ಕಿಂತ ದೊಡ್ಡ ಸ್ವರದಲ್ಲಿ ಕೂಗುತ್ತಾನೆ, ಅಷ್ಟೆ.

ಮಳೆ ರಜೆಗೆ ಬೇರೆ ಕಾನೂನು

ಜುಲೈಯಲ್ಲಿ ಜಿಲ್ಲಾಧಿಕಾರಿ ರಜೆ ಕೊಟ್ಟರೆ ಮೇಲೆ ಹೇಳಿದ್ದೆಲ್ಲ ನೀರಿನಲ್ಲಿ ಕೊಚ್ಚಿಹೋಗುತ್ತದೆ. ಹೊರಗೆ ಹೋಗಲಾಗದು, ಅಪ್ಪ ಅಮ್ಮನಿಗೆ ಆಫೀಸಿಗೆ ರಜೆ ಇಲ್ಲ. ಅಂಥ ದಿನಕ್ಕೆ ಮೊದಲೇ ಒಂದು ಲೆಕ್ಕ ಮಾಡಿಡಿ. ನಮ್ಮದು ಬೆಳಿಗ್ಗೆ ಅರ್ಧ ಗಂಟೆ, ಮಧ್ಯಾಹ್ನ ನಿದ್ದೆ ಎದ್ದ ಮೇಲೆ ಅರ್ಧ ಗಂಟೆ. ಅವತ್ತು ಟಿವಿ ಇಲ್ಲ, ಅಜ್ಜಿಯ ಧಾರಾವಾಹಿಯ ಹೊತ್ತಿಗೆ ಅವನು ನನ್ನ ಜೊತೆ ಅಡುಗೆಮನೆಯಲ್ಲಿ. ಗುಡುಗು, ಸಿಡಿಲು ಇದ್ದರೆ ಚಾರ್ಜಿಗೆ ಹಾಕಿದ ಟ್ಯಾಬನ್ನು ಮುಟ್ಟುವ ಹಾಗಿಲ್ಲ. ಆ ಒಂದು ಕಾನೂನು ಮಾಡಿದ್ದು ಅತ್ತೆ, ಅದನ್ನು ಯಾರೂ ಮುರಿದಿಲ್ಲ.

ಬೇಡ ಎಂದು ನಿರ್ಧರಿಸಿದವರಿಗೆ

ಇಷ್ಟು ಓದಿ "ಇದೆಲ್ಲ ಯಾರಿಗೆ ಬೇಕು, ಒಂದನೇ ಕ್ಲಾಸ್ ಮುಗಿಯಲಿ" ಅನ್ನಿಸಿದರೆ ಅದೂ ಸರಿಯೇ. ನಿಮಗೆ ಒಂದೇ ಕೆಲಸ ಬಾಕಿ, ರಜೆಗೆ ಬರಲಿರುವ ಅಣ್ಣನಿಗೋ ಬಾವನಿಗೋ ಫೋನ್ ಮಾಡುವುದು. ಟಿಕೆಟ್ ಮಾಡಿದ ಸುದ್ದಿ ಬಂದ ದಿನವೇ ಮಾಡಿ, ಪೆಟ್ಟಿಗೆ ಕಟ್ಟಿದ ಮೇಲೆ ಅಲ್ಲ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ ಹತ್ತಾದರೆ ಅಲ್ಲಿ ಎಂಟೂವರೆ, ಊಟ ಮುಗಿಸಿ ಆರಾಮಾಗಿ ಕೂತಿರುತ್ತಾರೆ. "ಎಂತದೂ ತರಬೇಡಿ" ಎಂದು ಮಾತ್ರ ಹೇಳಬೇಡಿ, ಅದನ್ನು ಯಾರೂ ನಂಬುವುದಿಲ್ಲ. ಏನು ತರಬೇಕು ಎಂದು ಹೆಸರು ಹಿಡಿದು ಹೇಳಿ. ದೊಡ್ಡ ಡಬ್ಬದ ಬಣ್ಣದ ಪೆನ್ಸಿಲ್, ಮರದ ಬ್ಲಾಕ್, ಮೂರು ಚಕ್ರದ ಸ್ಕೂಟರ್. ಫೋನ್ ಇಡುವ ಮೊದಲು ಇನ್ನೊಂದು ಸಲ ಹೇಳಿ.