ಗಿಟ್ 1.8ರಿಂದ 2.39ಕ್ಕೆ: ಸರ್ವರ್ ಬದಲಿಸಿದಾಗಿನ ನನ್ನ ಅನುಭವ

ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಿ ನಮ್ಮದೊಂದು ಸಣ್ಣ ಆಫೀಸಿದೆ. ಕಾಫಿ ತೋಟದವರಿಗೆ, ಕಾಫಿ ಕೊಳ್ಳುವ ವ್ಯಾಪಾರಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ತೂಕ, ಮಾಯಿಶ್ಚರ್, 50 ಕೆ.ಜಿ. ಮೂಟೆಯ ರೇಟು, ಅಡ್ವಾನ್ಸ್, ಕೂಲಿ ಬಟವಾಡೆ ಎಲ್ಲವೂ ಅದರಲ್ಲಿದೆ. ಈ ಕೋಡೆಲ್ಲ ಇರುವುದು ಗಿಟ್‌ನಲ್ಲಿ, ಅಂದರೆ ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಸಾಫ್ಟ್‌ವೇರ್‌ನಲ್ಲಿ. ಗಿಟ್ ರೆಪೊಗಳು (ಕೋಡೂ ಅದರ ಹಿಸ್ಟರಿಯೂ ಇರುವ ಫೋಲ್ಡರ್‌ಗಳು) ಇದ್ದದ್ದು ಆಫೀಸಿನ ಮೂಲೆಯ ಒಂದು ಹಳೇ ಸರ್ವರ್‌ನಲ್ಲಿ. ಅದರಲ್ಲಿ ಸೆಂಟ್‌ಒಎಸ್ 7 ಎಂಬ ಲಿನಕ್ಸ್, ಅದರ ಜೊತೆಗೇ ಬಂದ ಗಿಟ್ 1.8.3.

2024ರ ಜೂನ್ 30ಕ್ಕೆ ಸೆಂಟ್‌ಒಎಸ್ 7ರ ಬೆಂಬಲ ಮುಗಿಯಿತು. ಅದಾದ ಮೇಲೆ ಸೆಕ್ಯುರಿಟಿ ಅಪ್‌ಡೇಟ್ ಇಲ್ಲ. ಬದಲಾಯಿಸಲೇಬೇಕಿತ್ತು. ಹೊಸ ಯಂತ್ರಕ್ಕೆ ಡೆಬಿಯನ್ 12 ಎಂಬ ಇನ್ನೊಂದು ಲಿನಕ್ಸ್ ಹಾಕುವುದೆಂದು ತೀರ್ಮಾನಿಸಿದೆವು. ಅದರಲ್ಲಿ ಬರುವುದು ಗಿಟ್ 2.39. ನಡುವೆ ಸುಮಾರು ಹತ್ತು ವರ್ಷದ ಬದಲಾವಣೆಗಳಿವೆ.

ಯಾವಾಗ ಮಾಡುವುದು ಎನ್ನುವುದೇ ಮೊದಲ ಪ್ರಶ್ನೆ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ರೊಬಸ್ಟಾ ಮುಗಿಯುವ ತನಕ ನಮ್ಮ ಫೋನಿಗೆ ಬಿಡುವಿಲ್ಲ. ಜುಲೈ, ಆಗಸ್ಟ್‌ನಲ್ಲಿ ಮಳೆ ಜಾಸ್ತಿ. ಒಂದು ಮರ ಬಿದ್ದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಉಳಿದದ್ದು ಸೆಪ್ಟೆಂಬರ್.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಗಿಟ್ ಅಪ್‌ಗ್ರೇಡ್ ಎಂದರೆ ಎಲ್ಲರಿಗೂ ಇರುವ ಭಯ "ನಮ್ಮ ಹಳೇ ಹಿಸ್ಟರಿ ಹೊಸದರಲ್ಲಿ ತೆರೆದುಕೊಳ್ಳುತ್ತದೋ ಇಲ್ಲವೋ" ಎಂದು. ನನ್ನ ಅನುಭವದಲ್ಲಿ ಆ ಭಯ ಬೇಡ. 1.8 ಬರೆದಿಟ್ಟ ರೆಪೊವನ್ನು 2.39 ಏನೂ ಪರಿವರ್ತನೆ ಮಾಡದೆ ಓದುತ್ತದೆ. ಹಳೇ ಕ್ಲೈಂಟ್ (ಅವರವರ ಕಂಪ್ಯೂಟರ್‌ನಲ್ಲಿರುವ ಗಿಟ್) ಹೊಸ ಸರ್ವರ್ ಜೊತೆ ಮಾತಾಡುತ್ತದೆ, ಹೊಸ ಕ್ಲೈಂಟ್ ಹಳೇ ಸರ್ವರ್ ಜೊತೆಗೂ ಮಾತಾಡುತ್ತದೆ. 2.26ರಿಂದ ಡೀಫಾಲ್ಟ್ ಆದ ಎರಡನೇ ಆವೃತ್ತಿಯ ಪ್ರೊಟೊಕಾಲ್ (ಇಬ್ಬರೂ ಮಾತಾಡಿಕೊಳ್ಳುವ ಕ್ರಮ) ಕೂಡ ಎದುರಿನವರಿಗೆ ಗೊತ್ತಿಲ್ಲದಿದ್ದರೆ ತಾನಾಗಿ ಹಳೆಯದಕ್ಕೆ ಇಳಿಯುತ್ತದೆ. ಡೇಟಾ ವಿಷಯದಲ್ಲಿ ಗಿಟ್ ಮಾಡುವವರು ತುಂಬಾ ಜಾಗ್ರತೆ. ಮುರಿಯುವುದು ಅಕ್ಕಪಕ್ಕದ ವಿಷಯಗಳು: ಡೀಫಾಲ್ಟ್ ನಡವಳಿಕೆ, ಫೈಲಿನ ಒಡೆತನ, ಲಾಗಿನ್, ನಾವೇ ಬರೆದ ಸ್ಕ್ರಿಪ್ಟ್‌ಗಳು. ಸಮಯ ಖರ್ಚು ಮಾಡಬೇಕಾದದ್ದು ಅಲ್ಲಿ.

ಹಾಗಾಗಿ ಮೊದಲು ಓದಲು ಕುಳಿತೆ. ಗಿಟ್‌ನ ಪ್ರತಿ ಆವೃತ್ತಿಗೂ ಬಿಡುಗಡೆ ಟಿಪ್ಪಣಿ ಇರುತ್ತದೆ. ಹಳೆಯ ನಡವಳಿಕೆ ಬದಲಾಗಿದ್ದರೆ ಅದನ್ನು ಸಾಮಾನ್ಯವಾಗಿ ಶುರುವಿನಲ್ಲೇ ಬೇರೆ ಭಾಗವಾಗಿ ಬರೆದಿರುತ್ತಾರೆ. 2005ರಿಂದ ಗಿಟ್ ನೋಡಿಕೊಳ್ಳುತ್ತಿರುವ ಜುನಿಯೊ ಹಮಾನೊ ಅವರ ಈ ಶಿಸ್ತಿಗೆ ನಾನು ಋಣಿ. 1.8.4ರಿಂದ 2.39ರ ತನಕ ಆ ಭಾಗಗಳನ್ನಷ್ಟೇ ಓದಿ, ನಮಗೆ ಸಂಬಂಧಿಸಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಆಮೇಲೆ ತಾಲೀಮು. ಹೊಸ ಯಂತ್ರದಲ್ಲಿ ಪ್ರತಿ ರೆಪೊವನ್ನೂ ಮಿರರ್ ಕ್ಲೋನ್ (ಹಿಸ್ಟರಿ ಸಮೇತ ಪೂರ್ತಿ ನಕಲು) ಮಾಡಿದೆ. ಡೇಟಾ ಹಾಳಾಗಿಲ್ಲ ತಾನೇ ಎಂದು ನೋಡುವ ಗಿಟ್ ಎಫ್‌ಎಸ್‌ಸಿಕೆ ಓಡಿಸಿದೆ. ಹಳೇ ಸರ್ವರ್‌ನ ಎಲ್ಲ ಬ್ರಾಂಚ್ (ಕೋಡಿನ ಬೇರೆ ಬೇರೆ ಕವಲು), ಟ್ಯಾಗ್‌ಗಳ (ಹೆಸರಿಟ್ಟು ಗುರುತಿಸಿದ ಹಂತ) ಪಟ್ಟಿಯನ್ನು ಒಂದು ಫೈಲಿಗೆ, ಹೊಸದರದ್ದನ್ನು ಇನ್ನೊಂದಕ್ಕೆ ಬರೆಸಿ ಡಿಫ್ ನೋಡಿದೆ. ಒಂದಕ್ಷರವೂ ವ್ಯತ್ಯಾಸ ಇರಬಾರದು, ಇರಲಿಲ್ಲ. ಮಿರರ್ ಕ್ಲೋನ್ ಹುಕ್‌ಗಳನ್ನೂ (ತಾನಾಗಿ ಓಡುವ ಸ್ಕ್ರಿಪ್ಟ್‌ಗಳು) ರೆಪೊದ ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೈಲನ್ನೂ ತರುವುದಿಲ್ಲ, ಅವನ್ನು ಕೈಯಾರೆ ನಕಲಿಸಬೇಕು. ಹಳೇ ಸರ್ವರ್ ಅದರ ಪಾಡಿಗೆ ಅದು ಕೆಲಸ ಮಾಡುತ್ತಲೇ ಇತ್ತು. ನೋಟ್‌ಬುಕ್ಕಿನಲ್ಲಿದ್ದದ್ದನ್ನೆಲ್ಲ ಈ ತಾಲೀಮಿನಲ್ಲೇ ಒಂದೊಂದಾಗಿ ಪರೀಕ್ಷಿಸಿದೆವು.

ಮೊದಲು ಸಿಕ್ಕಿಬಿದ್ದದ್ದು ರಾತ್ರಿಯ ಬ್ಯಾಕಪ್. ರೆಪೊಗಳ ಒಡೆಯ 'ಗಿಟ್' ಎಂಬ ಯೂಸರ್. ಬ್ಯಾಕಪ್ ಸ್ಕ್ರಿಪ್ಟ್ ಓಡುತ್ತಿದ್ದದ್ದು ರೂಟ್‌ನ (ಎಲ್ಲ ಅಧಿಕಾರ ಇರುವ ಯೂಸರ್) ಕ್ರಾನ್‌ನಲ್ಲಿ, ಅಂದರೆ ನಿಗದಿತ ಹೊತ್ತಿಗೆ ಕೆಲಸ ಓಡಿಸುವ ವ್ಯವಸ್ಥೆಯಲ್ಲಿ. ಅದು ಒಂದೊಂದೇ ಫೋಲ್ಡರ್‌ಗೆ ಹೋಗಿ ಗಿಟ್ ಬಂಡಲ್ (ಇಡೀ ರೆಪೊ ಒಂದೇ ಫೈಲಿನಲ್ಲಿ) ಮಾಡಿ ಪಕ್ಕದ ಡಿಸ್ಕಿಗೆ ಹಾಕುತ್ತಿತ್ತು. 2.39ರಲ್ಲಿ ಒಂದು ಬಂಡಲ್ ಕೂಡ ಬರಲಿಲ್ಲ. ಲಾಗ್ ನೋಡಿದರೆ ರೆಪೊಸಿಟರಿಯ ಒಡೆತನ ಅನುಮಾನಾಸ್ಪದ ಎನ್ನುವ ದೋಷ.

ಇದರ ಮೂಲ 2022ರ ಏಪ್ರಿಲ್‌ನಲ್ಲಿ ಬಂದ 2.35.2. ಹಲವರು ಬಳಸುವ ಒಂದೇ ಯಂತ್ರದಲ್ಲಿ ಯಾರಾದರೂ ಮೇಲಿನ ಫೋಲ್ಡರ್‌ನಲ್ಲಿ ತಮ್ಮದೊಂದು ಗಿಟ್ ರೆಪೊ ಇಟ್ಟು, ಅದರ ಕಾನ್ಫಿಗ್ ಮೂಲಕ ಬೇರೆಯವರ ಕೈಯಲ್ಲಿ ತಮ್ಮ ಕಮಾಂಡ್ ಓಡಿಸಬಹುದಿತ್ತು. ಅದನ್ನು ತಡೆಯಲು ಗಿಟ್ ಈಗ ಫೋಲ್ಡರ್ ಯಾರದ್ದು ಎಂದು ನೋಡುತ್ತದೆ. ಓಡಿಸುತ್ತಿರುವವರದ್ದಲ್ಲದಿದ್ದರೆ ನಿಲ್ಲಿಸುತ್ತದೆ. ರೂಟ್ ಆದರೂ ಅಷ್ಟೇ. ಸೇಫ್.ಡೈರೆಕ್ಟರಿ ಎಂಬ ಸೆಟ್ಟಿಂಗ್‌ನಲ್ಲಿ ನಕ್ಷತ್ರ ಚಿಹ್ನೆ ಹಾಕಿದರೆ ಎಲ್ಲ ಫೋಲ್ಡರ್‌ಗೂ ಒಪ್ಪಿಗೆ ಕೊಟ್ಟಂತೆ. ಹುಡುಕಿದರೆ ಮೊದಲು ಸಿಗುವ ಉತ್ತರ ಅದೇ. ದಯವಿಟ್ಟು ಹಾಗೆ ಮಾಡಬೇಡಿ. ಬೇಲಿ ಹಾಕಿ ಗೇಟು ತೆಗೆದಿಟ್ಟ ಹಾಗೆ ಆಗುತ್ತದೆ. ನಾವು ಕ್ರಾನ್ ಅನ್ನೇ ರೂಟ್‌ನಿಂದ 'ಗಿಟ್' ಯೂಸರ್‌ಗೆ ಬದಲಾಯಿಸಿದೆವು. ಸೆಟ್ಟಿಂಗ್ ಒಂದನ್ನೂ ಮುಟ್ಟಬೇಕಾಗಲಿಲ್ಲ. ಜೊತೆಗೆ, ಬಂಡಲ್ ಫೈಲ್ ಹುಟ್ಟದಿದ್ದರೆ ನನಗೆ ಮೆಸೇಜ್ ಬರುವ ಹಾಗೆ ಎರಡು ಸಾಲು ಸೇರಿಸಿದೆ.

ದೋಷ ತೋರಿಸುವ ಬದಲಾವಣೆ ಒಳ್ಳೆಯದು, ಕಣ್ಣಿಗೆ ಬೀಳುತ್ತದೆ. ನನಗೆ ಜಾಸ್ತಿ ಯೋಚನೆ ಇದ್ದದ್ದು ಸದ್ದಿಲ್ಲದೆ ಬದಲಾಗಿರುವುದರ ಬಗ್ಗೆ. ಅಂಥದ್ದೊಂದು 2014ರಲ್ಲಿ ಬಂದ 2.0ರದ್ದು. ಗಿಟ್ ಪುಷ್ ಎನ್ನುವುದು ನಮ್ಮ ಬದಲಾವಣೆಗಳನ್ನು ಬೇರೆ ಯಂತ್ರಕ್ಕೆ ಕಳಿಸುವ ಕಮಾಂಡ್. ಅದಕ್ಕೂ ಮೊದಲು ಬೇರೇನೂ ಹೇಳದೆ ಬರೀ ಗಿಟ್ ಪುಷ್ ಕೊಟ್ಟರೆ, ಎರಡೂ ಕಡೆ ಒಂದೇ ಹೆಸರಿರುವ ಎಲ್ಲ ಬ್ರಾಂಚ್‌ಗಳೂ ಹೋಗುತ್ತಿದ್ದವು. 2.0ರಿಂದ ಈಗ ನಿಂತಿರುವ ಬ್ರಾಂಚ್ ಮಾತ್ರ ಹೋಗುತ್ತದೆ. ನಮ್ಮಲ್ಲಿ ಮುಖ್ಯ ಬ್ರಾಂಚ್ ಒಂದು, ಕೊಯ್ಲಿನ ಸಮಯದ ತುರ್ತು ತಿದ್ದುಪಡಿಗೆ 'ಸೀಸನ್' ಅಂತ ಇನ್ನೊಂದು. ಎರಡನ್ನೂ ಹೊರಗಿನ ಯಂತ್ರಕ್ಕೆ ಕಳಿಸುವ ಸ್ಕ್ರಿಪ್ಟ್‌ನಲ್ಲಿ ಇದ್ದದ್ದು ಬರೀ ಗಿಟ್ ಪುಷ್. ಹೊಸ ಸರ್ವರ್‌ನಲ್ಲಿ ಅದು ಮುಖ್ಯ ಬ್ರಾಂಚ್ ಕಳಿಸಿ, ಎಲ್ಲ ಸರಿ ಎಂದು ಮುಗಿಸುತ್ತಿತ್ತು. 'ಸೀಸನ್' ಅಲ್ಲೇ ಉಳಿಯುತ್ತಿತ್ತು. ನೋಟ್‌ಬುಕ್ಕಿನಲ್ಲಿ ಈ ಸಾಲು ಇದ್ದದ್ದರಿಂದ ಸ್ಕ್ರಿಪ್ಟ್ ತೆಗೆದು ನೋಡಿದೆವು, ಎರಡೂ ಬ್ರಾಂಚ್‌ಗಳ ಹೆಸರನ್ನು ಬಿಡಿಸಿ ಬರೆದೆವು. ಸ್ಕ್ರಿಪ್ಟ್‌ನಲ್ಲಿ ಡೀಫಾಲ್ಟ್ ನಂಬಬೇಡಿ ಎಂದು ನಮ್ಮ ಹುಡುಗರಿಗೆ ನಾನು ಹೇಳುವುದು ಇದಕ್ಕೇ.

ಲಾಗಿನ್ ವಿಷಯ ಗಿಟ್‌ಗೆ ನೇರ ಸಂಬಂಧಿಸಿದ್ದಲ್ಲ, ಆದರೆ ಅಪ್‌ಗ್ರೇಡ್ ಜೊತೆಗೇ ಬರುತ್ತದೆ. ಡೆಬಿಯನ್ 12ರಲ್ಲಿ ದೂರದಿಂದ ಲಾಗಿನ್ ಆಗಲು ಇರುವುದು ಓಪನ್‌ಎಸ್‌ಎಸ್‌ಎಚ್ 9.2. ಲಾಗಿನ್ ಆಗುವವರು ಯಾರೆಂದು ತೋರಿಸುವ, ಎಸ್‌ಎಚ್‌ಎ-1 ಎಂಬ ಲೆಕ್ಕದ ಕ್ರಮ ಬಳಸುವ ಹಳೇ ಆರ್‌ಎಸ್‌ಎ ಸಹಿಯನ್ನು ಓಪನ್‌ಎಸ್‌ಎಸ್‌ಎಚ್ 8.8ರಲ್ಲೇ ಡೀಫಾಲ್ಟ್ ಆಗಿ ನಿಲ್ಲಿಸಿದ್ದಾರೆ. ಒಬ್ಬ ವ್ಯಾಪಾರಿಯ ವೇಬ್ರಿಡ್ಜ್ ಕಂಪ್ಯೂಟರ್ ವಿಂಡೋಸ್ 7ರದ್ದು. ತೂಕದ ಯಂತ್ರಕ್ಕೆ ಜೋಡಿಸಿದ ಕಾರ್ಡಿನ ಡ್ರೈವರ್ ಹೊಸ ವಿಂಡೋಸ್‌ಗೆ ಸಿಗದ್ದರಿಂದ ಅದನ್ನು ಬದಲಿಸುವ ಹಾಗಿಲ್ಲ. ಅದರಲ್ಲಿದ್ದ ಗಿಟ್ ಜೊತೆಗಿನ ಎಸ್‌ಎಸ್‌ಎಚ್ ತೀರಾ ಹಳೆಯದು. ತಾಲೀಮಿನ ಸರ್ವರ್‌ಗೆ ಅದು ಲಾಗಿನ್ ಆಗಲೇ ಇಲ್ಲ. ಲಾಗಿನ್ ಕೀ ಕೆಟ್ಟಿದೆ ಎಂದು ಎಲ್ಲರಿಗೂ ಅನ್ನಿಸುತ್ತದೆ, ಆದರೆ ಕೀ ಸರಿಯಾಗೇ ಇರುತ್ತದೆ. ಸಹಿ ಹಾಕುವ ಕ್ರಮ ಹಳೆಯದು, ಅಷ್ಟೇ. ಸರ್ವರ್‌ನಲ್ಲಿ ಹಳೇ ಸಹಿಗೆ ಮತ್ತೆ ಅವಕಾಶ ಕೊಡಬಹುದಿತ್ತು. ಒಂದು ಕಂಪ್ಯೂಟರ್‌ಗಾಗಿ ಇಡೀ ಸರ್ವರ್ ಸಡಿಲ ಮಾಡಲು ನನಗೆ ಮನಸ್ಸಾಗಲಿಲ್ಲ. ಗಿಟ್ ಫಾರ್ ವಿಂಡೋಸ್ 2.46.2 ಹಾಕಿದೆವು. ವಿಂಡೋಸ್ 7ರಲ್ಲಿ ಓಡುವ ಕೊನೆಯ ಆವೃತ್ತಿ ಅದು. ಅದರ ನಂತರದ 2.47ಕ್ಕೆ ವಿಂಡೋಸ್ 8.1 ಆದರೂ ಬೇಕು. ಆ ಕಂಪ್ಯೂಟರ್ ಇನ್ನು ಮುಂದೆ ಆ ಆವೃತ್ತಿಯಲ್ಲೇ ನಿಂತಿರುತ್ತದೆ. ಹಾಗಾಗಿ ಅದಕ್ಕೆ ನಮ್ಮ ಸರ್ವರ್‌ನಿಂದ ಓದುವ ಅಧಿಕಾರ ಮಾತ್ರ ಕೊಟ್ಟಿದ್ದೇವೆ.

ಇನ್ನು ಕನ್ನಡದ ಫೈಲ್ ಹೆಸರುಗಳು. ನನಗೆ ತುಂಬಾ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮಲ್ಲಿ ಊರಿನ ಪ್ರಕಾರ ಲಾರಿ ಬಾಡಿಗೆಯ ಫೈಲ್‌ಗಳಿವೆ. ಪ್ರತಿ ಫೈಲಿಗೂ ಊರಿನ ಹೆಸರೇ ಕನ್ನಡದಲ್ಲಿ: ಆಲ್ದೂರು, ಮೂಡಿಗೆರೆ, ಕೊಪ್ಪ, ಶೃಂಗೇರಿ, ಬೇಲೂರು. ಹೊಸ ಸರ್ವರ್‌ನಲ್ಲಿ ಪಟ್ಟಿ ತೆಗೆದ ಸಹೋದ್ಯೋಗಿ ಕರೆದ. "ಸರ್, ಹೆಸರೇ ಓದೋಕಾಗ್ತಿಲ್ಲ, ಬರೀ ನಂಬರ್ ಬರ್ತಿದೆ. ಹಾಳಾಗಿದೆಯಾ?"

ಹಾಳಾಗಿರಲಿಲ್ಲ. ಇಂಗ್ಲಿಷ್ ಅಲ್ಲದ ಅಕ್ಷರಗಳ ಬೈಟ್‌ಗಳನ್ನು ಗಿಟ್ ಆಕ್ಟಲ್ (ಎಂಟರ ಆಧಾರದ) ಅಂಕಿಗಳಲ್ಲಿ ತೋರಿಸುತ್ತದೆ. 'ಕ' ಅಕ್ಷರ \340\262\225 ಎಂದು ಕಾಣುತ್ತದೆ. ಹಳೆಯದರಲ್ಲೂ ಹಾಗೇ, ಹೊಸದರಲ್ಲೂ ಹಾಗೇ. ಕೋರ್.ಕೋಟ್‌ಪಾತ್ ಎಂಬ ಸೆಟ್ಟಿಂಗನ್ನು ಫಾಲ್ಸ್ ಮಾಡಿದರೆ ಕನ್ನಡ ಕನ್ನಡವಾಗಿಯೇ ಬರುತ್ತದೆ. ಹಳೇ ಸರ್ವರ್‌ನಲ್ಲಿ ಅದನ್ನು ಎಂದೋ ಹಾಕಿದ್ದೆವು, ಹೊಸದರಲ್ಲಿ ಇನ್ನೂ ಹಾಕಿರಲಿಲ್ಲ.

ಆದರೆ ಆ ಅಂಕಿಗಳಿಂದ ಒಂದು ಉಪಕಾರವಾಯಿತು. ಪಟ್ಟಿಯಲ್ಲಿ 'ಕೊಪ್ಪ' ಎರಡು ಸಲ ಇತ್ತು. ಕನ್ನಡದಲ್ಲಿ ನೋಡಿದರೆ ಎರಡೂ ಒಂದೇ. ಅಂಕಿಯಲ್ಲಿ ನೋಡಿದರೆ ಒಂದರಲ್ಲಿ 'ಕ' ಆದ ಮೇಲೆ \340\263\212, ಇನ್ನೊಂದರಲ್ಲಿ \340\263\206\340\263\202. ಮೊದಲನೆಯದು 'ಒ' ಸ್ವರದ ಚಿಹ್ನೆಗೆ ಇರುವ ಒಂದೇ ಯೂನಿಕೋಡ್ ಸಂಕೇತ. ಎರಡನೆಯದರಲ್ಲಿ ಅದೇ ಚಿಹ್ನೆಯನ್ನು 'ಎ'ಕಾರ ಮತ್ತು 'ಊ'ಕಾರ ಎಂದು ಬಿಡಿಸಿ ಬರೆದಿದೆ. ಯೂನಿಕೋಡ್ ಪ್ರಕಾರ ಎರಡೂ ಸಮ. ಗಿಟ್ ಮಾತ್ರ ಬೈಟ್ ನೋಡುತ್ತದೆ, ಅದಕ್ಕೆ ಇವು ಎರಡು ಬೇರೆ ಫೈಲುಗಳು.

ಎರಡನೆಯದು ಬಂದದ್ದು ಡಿಸೈನ್ ಮಾಡುವವರ ಹಳೇ ಮ್ಯಾಕ್‌ನಿಂದ. ಮ್ಯಾಕ್‌ನ ಹಳೇ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಬರೆದಿಡುತ್ತದೆ. 1.7.12ರಿಂದ ಗಿಟ್‌ನಲ್ಲಿ ಇದಕ್ಕೆ ಕೋರ್.ಪ್ರೀಕಂಪೋಸ್‌ಯೂನಿಕೋಡ್ ಎಂಬ ಸೆಟ್ಟಿಂಗ್ ಇದೆ. ಮ್ಯಾಕ್‌ನಲ್ಲೇ ಕ್ಲೋನ್ ಮಾಡಿದರೆ ತಾನಾಗಿ ಆನ್ ಆಗುತ್ತದೆ. ಈ ರೆಪೊ ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ಯಂತ್ರದಿಂದ ನಕಲಾಗಿ ಹೋಗಿತ್ತು, ಹಾಗಾಗಿ ಆ ಸಾಲು ಕಾನ್ಫಿಗ್‌ನಲ್ಲಿ ಇರಲಿಲ್ಲ. ನಾವು ಸೆಟ್ಟಿಂಗ್ ಹಾಕಿ, ಎರಡು ಫೈಲ್‌ಗಳಲ್ಲಿ ಯಾವುದರ ರೇಟು ಸರಿ ಎಂದು ನೋಡಿ, ಬಿಡಿಸಿ ಬರೆದ ಹೆಸರಿನದ್ದನ್ನು ತೆಗೆದೆವು. ಆಲ್ದೂರು, ಮೂಡಿಗೆರೆಗೆ ಈ ಸಮಸ್ಯೆ ಬರುವುದಿಲ್ಲ. ಕೊಪ್ಪ, ಶೃಂಗೇರಿ, ಬೇಲೂರಿಗೆ ಬರುತ್ತದೆ. 'ಈ', 'ಏ', 'ಐ', 'ಒ', 'ಓ' ಇವುಗಳಲ್ಲಿ ಯಾವುದಾದರೂ ಸ್ವರದ ಚಿಹ್ನೆ ಇರುವ ಯಾವ ಕನ್ನಡ ಹೆಸರಿಗೂ ಬರಬಹುದು. ಕನ್ನಡದಲ್ಲಿ ಫೈಲ್ ಹೆಸರು ಇಡಬಾರದು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮ ಗುಮಾಸ್ತರು ಓದುವುದು ಕನ್ನಡವನ್ನು. ಸೆಟ್ಟಿಂಗ್ ಸರಿ ಇಟ್ಟರೆ ಸಾಕು, ಅಲ್ವಾ?

ಹೊಸ ಕ್ಲೈಂಟ್ ಹಾಕಿಕೊಂಡವರು ಮೊದಲ ವಾರದಲ್ಲಿ ಕೇಳಿದ್ದೆಲ್ಲ ಗಿಟ್ ಪುಲ್ ಬಗ್ಗೆ, ಅಂದರೆ ಸರ್ವರ್‌ನ ಬದಲಾವಣೆಗಳನ್ನು ನಮ್ಮ ಕಡೆ ತರುವ ಕಮಾಂಡ್ ಬಗ್ಗೆ. ನಮ್ಮ ಕಡೆಯೂ ಹೊಸ ಕಮಿಟ್ (ದಾಖಲಾದ ಬದಲಾವಣೆ), ಸರ್ವರ್‌ನಲ್ಲೂ ಹೊಸ ಕಮಿಟ್ ಇದ್ದರೆ ಹಳೇ ಗಿಟ್ ಸುಮ್ನೆ ಮರ್ಜ್ ಮಾಡಿ ಎರಡನ್ನೂ ಬೆಸೆದುಬಿಡುತ್ತಿತ್ತು. 2.27ರಿಂದ ಎಚ್ಚರಿಕೆ ಕೊಡತೊಡಗಿತು. 2.33ರಿಂದ, ಮರ್ಜೋ ರೀಬೇಸೋ (ನಮ್ಮ ಕಮಿಟ್‌ಗಳನ್ನು ಸರ್ವರ್‌ನದರ ಮೇಲೆ ಮತ್ತೆ ಜೋಡಿಸುವುದು) ನೀವೇ ಹೇಳಿ ಎಂದು ನಿಂತುಬಿಡುತ್ತದೆ. ನಾವು ಕೋಡ್ ಬರೆಯುವವರಿಗೆಲ್ಲ ರೀಬೇಸ್ ಎಂದು, ವೇಬ್ರಿಡ್ಜ್ ಕಂಪ್ಯೂಟರ್‌ಗಳಿಗೆ ಫಾಸ್ಟ್ ಫಾರ್ವರ್ಡ್ (ನಮ್ಮ ಕಡೆ ಹೊಸ ಕಮಿಟ್ ಇಲ್ಲದಿದ್ದರೆ ಮಾತ್ರ ಮುಂದೆ ಸಾಗುವುದು) ಮಾತ್ರ ಎಂದು ಹಾಕಿದೆವು. ಅಲ್ಲಿಗೆ ಕರೆಗಳು ನಿಂತವು.

ಹೊಸ ಸೌಲಭ್ಯವೊಂದನ್ನು ಬಳಸಲು ಆಸೆ ಇದ್ದರೂ ತಡೆದುಕೊಂಡೆ. ಬಿಲ್ಲಿನ ಕನ್ನಡ ವಾಕ್ಯಗಳ ಕೆಲವು ಫೈಲ್‌ಗಳು ಯುಟಿಎಫ್-16 ಎಂಬ ಅಕ್ಷರ ಸಂಕೇತದ ಕ್ರಮದಲ್ಲಿವೆ. ಗಿಟ್ ಅವನ್ನು ಬೈನರಿ (ಅಕ್ಷರವಲ್ಲದ ಡೇಟಾ) ಎಂದುಕೊಂಡು ಡಿಫ್ ತೋರಿಸುವುದಿಲ್ಲ. 2.18ರಲ್ಲಿ ಬಂದ ವರ್ಕಿಂಗ್-ಟ್ರೀ-ಎನ್‌ಕೋಡಿಂಗ್ ಹಾಕಿದರೆ ಗಿಟ್ ಒಳಗೆ ಯುಟಿಎಫ್-8 ಆಗಿ ಇಟ್ಟುಕೊಂಡು ಹೊರಗೆ ಯುಟಿಎಫ್-16 ಕೊಡುತ್ತದೆ. ಆದರೆ 2.18ಕ್ಕಿಂತ ಹಳೇ ಗಿಟ್‌ಗೆ ಇದು ಗೊತ್ತೇ ಇಲ್ಲ. ಅಂಥ ಒಂದೇ ಒಂದು ಯಂತ್ರದಿಂದ ಯುಟಿಎಫ್-16 ಫೈಲ್ ಹಾಗೇ ಕಮಿಟ್ ಆದರೂ ಉಳಿದ ಎಲ್ಲರಿಗೂ ದೋಷ ಬರುತ್ತದೆ. ಎಲ್ಲ ಕ್ಲೈಂಟ್‌ಗಳೂ ಹೊಸದಾಗುವ ತನಕ ಇದನ್ನು ಮುಟ್ಟಬಾರದು. ನಮ್ಮಲ್ಲಿ ಕೊನೆಯ ಹಳೇ ಬಿಲ್ಡ್ ಯಂತ್ರ ಕಳಚಿದ ಮೇಲೆಯೇ ಆ ಸಾಲು ಸೇರಿಸಿದೆವು. ಈಗ ಬಿಲ್ಲಿನ ಒಂದು ಪದ ಬದಲಾದರೂ ಡಿಫ್‌ನಲ್ಲಿ ಕನ್ನಡದಲ್ಲೇ ಕಾಣುತ್ತದೆ.

ಬದಲಾವಣೆಯ ದಿನ ಹೇಳುವಂಥದ್ದು ಏನೂ ಇಲ್ಲ. ಭಾನುವಾರ ಹಳೇ ಸರ್ವರ್‌ಗೆ ಪುಷ್ ನಿಲ್ಲಿಸಿ, ಉಳಿದ ಬದಲಾವಣೆಗಳನ್ನು ತರುವ ಕೊನೆಯ ಫೆಚ್ ಮಾಡಿ, ಪಟ್ಟಿಗಳನ್ನು ಮತ್ತೆ ಹೋಲಿಸಿ, ಸರ್ವರ್‌ನ ಹೆಸರನ್ನು ಹೊಸ ಯಂತ್ರಕ್ಕೆ ತಿರುಗಿಸಿದೆವು. ನೆಟ್ ನಿಧಾನ ಇರುವ ಮನೆಯಿಂದ ಕೆಲಸ ಮಾಡುವವರಿಗೆ ಬಂಡಲ್ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಕೊಟ್ಟೆವು. ಗಿಟ್ ಕ್ಲೋನ್ ಅರ್ಧಕ್ಕೆ ನಿಂತರೆ ಮೊದಲಿನಿಂದ ಶುರುಮಾಡಬೇಕು. ಬಂಡಲ್‌ನಿಂದ ಕ್ಲೋನ್ ಮಾಡಿ ಆಮೇಲೆ ಫೆಚ್ ಮಾಡಿದರೆ ಆ ತೊಂದರೆ ಇಲ್ಲ.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಈಗ ಗಿಟ್ 3.0 ಇದೆ. ಹೊಸದಾಗಿ ಹುಟ್ಟುವ ರೆಪೊಗಳಲ್ಲಿ ಕಮಿಟ್ ಸಂಖ್ಯೆ ಲೆಕ್ಕ ಹಾಕಲು ಎಸ್‌ಎಚ್‌ಎ-1 ಬದಲು ಎಸ್‌ಎಚ್‌ಎ-256 ಡೀಫಾಲ್ಟ್ ಮಾಡುವುದು, ಬ್ರಾಂಚ್ ಹೆಸರುಗಳನ್ನು ರೆಫ್‌ಟೇಬಲ್ ಎಂಬ ಹೊಸ ರೂಪದಲ್ಲಿ ಇಡುವುದು ಅದರ ಯೋಜನೆಯಲ್ಲಿವೆ. ಈಗಿರುವ ರೆಪೊಗಳು ಇದ್ದ ಹಾಗೇ ಇರುತ್ತವೆ. ಆದರೆ ನಮ್ಮ ಸಾಫ್ಟ್‌ವೇರ್ ಪ್ರತಿ ಬಿಲ್ಲಿನ ಜೊತೆ, ಅದು ಯಾವ ಕಮಿಟ್‌ನಿಂದ ತಯಾರಾದದ್ದು ಎಂದು ಡೇಟಾಬೇಸ್‌ನಲ್ಲಿ ಬರೆದಿಡುತ್ತದೆ. ಆ ಕಾಲಂ 40 ಅಕ್ಷರದ್ದು. ಎಸ್‌ಎಚ್‌ಎ-256ರ ಕಮಿಟ್ ಸಂಖ್ಯೆ 64 ಅಕ್ಷರ. ಗ್ರಾಹಕರ ಡೇಟಾಬೇಸ್‌ಗಳಲ್ಲಿ ಕಾಲಂ ಅಗಲ ಮಾಡುವ ಕೆಲಸವನ್ನು ಈ ಸಲದ ಮಳೆಗಾಲದ ಅಪ್‌ಡೇಟ್‌ಗೆ ಸೇರಿಸಿದ್ದೇವೆ. ನಿಮ್ಮಲ್ಲೂ ಕಮಿಟ್ ಸಂಖ್ಯೆಯನ್ನು ಎಲ್ಲಾದರೂ ಬರೆದಿಡುತ್ತಿದ್ದರೆ ಆ ಕಾಲಂನ ಅಳತೆ ಒಮ್ಮೆ ನೋಡಿಕೊಳ್ಳಿ.