ಕನ್ನಡಿಯ ಮುಂದೆ ನಾಲಿಗೆ ನೋಡುವ ಬಗೆ

ದಿನಾ ಬೆಳಿಗ್ಗೆ ನಾಲಿಗೆ ಉಜ್ಜುವ ಅಭ್ಯಾಸ ನಮ್ಮಲ್ಲಿ ಹಳೆಯದಾದರೂ, ಉಜ್ಜುವ ಮುನ್ನ ಅದನ್ನು ಒಮ್ಮೆ ನಿಂತು ನೋಡುವವರು ಕಡಿಮೆ. ನೋಡಿದವರೂ ನಡುಭಾಗದ ಬಿಳಿ ಪದರವನ್ನು ಕಂಡು, ಹೊಟ್ಟೆ ಕೆಟ್ಟಿದೆ ಎಂದುಕೊಂಡು ಸುಮ್ಮನಾಗುತ್ತಾರೆ. ವೈದ್ಯರು ಹೆಚ್ಚು ಹೊತ್ತು ನೋಡುವುದು ನಾಲಿಗೆಯ ಎರಡು ಪಕ್ಕಗಳನ್ನು ಮತ್ತು ಅಡಿಭಾಗವನ್ನು. ನಾಲಿಗೆಯ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಪಕ್ಕದ ಅಂಚಿನಲ್ಲಿ.

ಕಾಫಿ ಕುಡಿಯುವ ಮೊದಲು, ಹಲ್ಲುಜ್ಜುವ ಮೊದಲು, ಬರಿಯ ನೀರಿನಲ್ಲಿ ಬಾಯಿ ಮುಕ್ಕಳಿಸಿ ಕಿಟಕಿಯ ಬೆಳಕಿನಲ್ಲಿ ಕನ್ನಡಿ ಹಿಡಿದುಕೊಳ್ಳಿ. ಬಚ್ಚಲುಮನೆಯ ಹಳದಿ ಬಲ್ಬಿನ ಕೆಳಗೆ ಎಲ್ಲರ ನಾಲಿಗೆಯೂ ಹಳದಿಯಾಗಿಯೇ ಕಾಣುತ್ತದೆ. ಮೊದಲು ನಾಲಿಗೆಯನ್ನು ಬಿಗಿಹಿಡಿಯದೆ ಸಡಿಲವಾಗಿ ಚಾಚಿ ಮೇಲ್ಭಾಗ ನೋಡಿ. ಅನಂತರ ಒಗೆದ ಹತ್ತಿಬಟ್ಟೆಯ ತುಂಡಿನಿಂದ ತುದಿಯನ್ನು ಹಿಡಿದು ಬಲಕ್ಕೊಮ್ಮೆ ಎಡಕ್ಕೊಮ್ಮೆ ಮೆಲ್ಲಗೆ ಎಳೆದು, ದವಡೆ ಹಲ್ಲಿನವರೆಗೂ ಅಂಚನ್ನು ಮೊಬೈಲಿನ ಟಾರ್ಚಿನಲ್ಲಿ ಪರೀಕ್ಷಿಸಿ. ಕೊನೆಗೆ ತುದಿಯನ್ನು ಅಂಗುಳಕ್ಕೆ ತಾಗಿಸಿ ಅಡಿಭಾಗ ನೋಡಿ, ತೊಳೆದ ಬೆರಳಿನಿಂದ ಎಲ್ಲಿಯಾದರೂ ಗಟ್ಟಿ ಹತ್ತುತ್ತದೆಯೇ ಎಂದು ಸವರಿ. ಮೊದಲ ಸಲ ಹೀಗೆ ನೋಡಿದವರು ಹೆದರುವುದುಂಟು: ನಾಲಿಗೆಯ ಬುಡದಲ್ಲಿ ಸಾಲಾಗಿ ಎಂಟರಿಂದ ಹನ್ನೆರಡು ದಪ್ಪ ಗುಳ್ಳೆಗಳು, ಹಿಂಬದಿಯ ಅಂಚಿನಲ್ಲಿ ನೆರಿಗೆಗಳು, ಅಡಿಯಲ್ಲಿ ನೀಲಿ ರಕ್ತನಾಳಗಳು ಕಾಣುತ್ತವೆ. ಇವೆಲ್ಲವೂ ಸಹಜ, ವಯಸ್ಸಾದವರಲ್ಲಿ ಆ ರಕ್ತನಾಳಗಳು ಉಬ್ಬಿ ಗಂಟುಗಂಟಾಗಿರುವುದೂ ಸಹಜವೇ.

ಬಿಳಿ ಪದರಕ್ಕೆ ನಾವು ಕೊಡುವಷ್ಟು ಮಹತ್ವ ಅದಕ್ಕಿಲ್ಲ. ಜ್ವರ, ಉಪವಾಸ, ನೀರು ಕಡಿಮೆ ಕುಡಿಯುವುದು, ಬಾಯಿ ತೆರೆದು ಮಲಗುವುದು, ಬೀಡಿ ಸಿಗರೇಟು, ಇವುಗಳಲ್ಲಿ ಯಾವುದರಿಂದಲೂ ಅದು ಕಟ್ಟಿಕೊಳ್ಳಬಹುದು, ಕಾರಣ ಹೋದರೆ ತಾನೂ ಹೋಗುತ್ತದೆ. ಕಬ್ಬಿಣಾಂಶದ ಔಷಧಿ ನಾಲಿಗೆಯನ್ನು ಕಪ್ಪಾಗಿಸಬಹುದು. ಆ್ಯಂಟಿಬಯಾಟಿಕ್ ತೆಗೆದುಕೊಂಡ ಮೇಲೆ ಕೆಲವರಿಗೆ ಕಪ್ಪು ಕೂದಲು ಬೆಳೆದಂತೆಯೂ ಕಾಣುತ್ತದೆ, ಅದರಿಂದ ಅಪಾಯವಿಲ್ಲ. ಭೂಪಟದಂತೆ ಕೆಂಪು ಮಚ್ಚೆಗಳು ಮೂಡಿ ಕೆಲವು ದಿನಗಳಲ್ಲಿ ಜಾಗ ಬದಲಿಸುವುದು, ನಡುವೆ ಸೀಳುಗಳಿರುವುದು, ಅಂಚಿನಲ್ಲಿ ಹಲ್ಲಿನ ಅಚ್ಚು ಬೀಳುವುದು, ಇವೂ ಸಾಮಾನ್ಯವಾಗಿ ಚಿಂತಿಸುವಂಥವಲ್ಲ.

ಹೆಚ್ಚು ಗಮನ ಕೊಡಬೇಕಾದದ್ದು ನುಣುಪಾದ ನಾಲಿಗೆಗೆ. ಆರೋಗ್ಯವಂತರ ನಾಲಿಗೆ ಮಖಮಲ್ಲಿನಂತೆ ತುಸು ತರಿಯಾಗಿರುತ್ತದೆ. ಆ ತರಿ ಅಳಿಸಿಹೋಗಿ, ಎಣ್ಣೆ ಸವರಿದ ಮಾಂಸದಂತೆ ಕೆಂಪಗೆ ಹೊಳೆಯುತ್ತಿದ್ದರೆ ವಿಟಮಿನ್ ಬಿ12 ಕೊರತೆಯನ್ನು ಅನುಮಾನಿಸಬೇಕು. ಮನೆಯವರೆಲ್ಲ ಸಪ್ಪೆ ಎನ್ನುವ ಸಾರು ಇವರೊಬ್ಬರಿಗೆ ಉರಿಯುತ್ತದೆ, ಮನೆಯಲ್ಲಿ ಅದನ್ನು ಉಷ್ಣವೆಂದು ಕರೆದು ಎಳನೀರು ಕೊಡುತ್ತಾರೆ, ತಿಂಗಳುಗಳು ಹಾಗೆಯೇ ಕಳೆಯುತ್ತವೆ. ಈ ವಿಟಮಿನ್ ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ. ಆದ್ದರಿಂದ ಕಾಫಿಗೆ ಬೆರೆಸಿದ ಹಾಲಷ್ಟನ್ನೇ ನಂಬಿಕೊಂಡ ಸಸ್ಯಾಹಾರಿಗಳಲ್ಲಿಯೂ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿಯೂ ಕೊರತೆ ಹೆಚ್ಚು. ಅಂಗಾಲಿನಲ್ಲಿ ಜೋಮು, ಇರುವೆ ಹರಿದಂಥ ಅನುಭವ ಜೊತೆಗಿದ್ದರೆ ರಕ್ತಪರೀಕ್ಷೆಯನ್ನು ಮುಂದೂಡಬೇಡಿ. ಅಂಗಡಿಯಿಂದ ಫೋಲಿಕ್ ಆಮ್ಲವನ್ನಷ್ಟೇ ತಂದು ತಿಂದರೆ ರಕ್ತ ಸುಧಾರಿಸಿದಂತೆ ಕಂಡರೂ ನರಗಳ ಹಾನಿ ಒಳಗೊಳಗೆ ಮುಂದುವರಿಯುತ್ತದೆ. ನಾಲಿಗೆ ಕೆಂಪಾಗುವ ಬದಲು ಬಿಳಿಚಿಕೊಂಡಿದ್ದರೆ, ಕೆಳರೆಪ್ಪೆಯ ಒಳಭಾಗವೂ ಬಿಳಿಚಿದೆಯೇ ಎಂದು ನೋಡಿ. ಅದು ರಕ್ತಹೀನತೆಯ ಸೂಚನೆಯಾಗಿರಬಹುದು.

ಬಿಳಿ ಮಚ್ಚೆ ಕಂಡಲ್ಲಿ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ ನೋಡುವುದು ಒಳ್ಳೆಯ ಕ್ರಮ. ಮೊಸರಿನ ಕೆನೆಯಂತೆ ಕಿತ್ತುಬಂದು ಕೆಳಗೆ ಕೆಂಪಗೆ ಹಸಿಹಸಿಯಾಗಿ ಕಂಡರೆ ಅದು ಶಿಲೀಂಧ್ರದ ಸೋಂಕು ಇರಬಹುದು. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯವರಲ್ಲಿ ಮತ್ತು ಸ್ಟಿರಾಯ್ಡ್ ಇರುವ ಇನ್‌ಹೇಲರ್ ಸೇದಿದ ಮೇಲೆ ಬಾಯಿ ಮುಕ್ಕಳಿಸದ ಅಸ್ತಮಾ ರೋಗಿಗಳಲ್ಲಿ ಇದು ಹೆಚ್ಚು. ಎಷ್ಟು ಒರೆಸಿದರೂ ಬಾರದ ಬಿಳಿ ಮಚ್ಚೆಯ ವಿಷಯ ಬೇರೆ: ಹೊಗೆಸೊಪ್ಪು ಹಾಕುವವರಲ್ಲಿ ಅದು ಮುಂದೆ ಕ್ಯಾನ್ಸರಿಗೆ ತಿರುಗಬಹುದು, ಕೆಂಪು ಬೆರೆತಿದ್ದರೆ ಆ ಸಾಧ್ಯತೆ ಇನ್ನೂ ಹೆಚ್ಚು. ಹೊಗೆಸೊಪ್ಪಿಲ್ಲದೆ ಬರಿಯ ಎಲೆಅಡಿಕೆಯಾದರೆ ತೊಂದರೆಯಿಲ್ಲ ಎಂಬ ಮಾತು ದೇಶದಲ್ಲಿಯೇ ಅತಿ ಹೆಚ್ಚು ಅಡಿಕೆ ಬೆಳೆಯುವ ನಮ್ಮ ರಾಜ್ಯದಲ್ಲಿ ಕೇಳಲು ಹಿತವಾದರೂ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿ 2004ರಲ್ಲಿ ವರದಿ ಪ್ರಕಟಿಸಿದೆ. ಅಡಿಕೆ ಅಗಿಯುವವರು ಇನ್ನೊಂದು ಪರೀಕ್ಷೆಯನ್ನೂ ಮಾಡಿಕೊಳ್ಳಬೇಕು. ನಿಮ್ಮ ನಡುವಿನ ಮೂರು ಬೆರಳುಗಳನ್ನು ಜೋಡಿಸಿ, ಒಂದರ ಮೇಲೊಂದು ನಿಲ್ಲುವಂತೆ ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಮೊದಲು ಸಲೀಸಾಗಿ ಹೋಗುತ್ತಿದ್ದವು ಈಗ ಎರಡೇ ಹೋಗುತ್ತಿದ್ದರೆ, ನಾಲಿಗೆ ಹಿಂದಿನಷ್ಟು ಹೊರಚಾಚಲು ಬಾರದಿದ್ದರೆ, ಬಾಯಿಯ ಒಳಪದರ ನಾರುಗಟ್ಟುತ್ತಿರಬಹುದು.

ಕೆಲವು ಬದಲಾವಣೆಗಳಿಗೆ ಕನ್ನಡಿಯ ಮುಂದೆ ಕಳೆಯಲು ಸಮಯವಿರುವುದಿಲ್ಲ. ಚಾಚಿದ ನಾಲಿಗೆ ಇದ್ದಕ್ಕಿದ್ದಂತೆ ಒಂದು ಕಡೆಗೆ ವಾಲಿ ಮಾತು ತೊದಲಿದರೆ ಅದು ಲಕ್ವ ಇರಬಹುದು. ಮಿದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ, ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ. ನಾಲಿಗೆ ದಿಢೀರನೆ ಊದಿಕೊಂಡರೆ, ನೀಲಿಯಾದರೆ ಕೂಡಲೇ 108ಕ್ಕೆ ಕರೆ ಮಾಡಿ. ಹಾಗೆ ಊದಲು ರಾಮಿಪ್ರಿಲ್, ಎನಲಾಪ್ರಿಲ್‌ನಂಥ ರಕ್ತದೊತ್ತಡದ ಮಾತ್ರೆಗಳೂ ಕಾರಣವಾಗುವುದುಂಟು. ಜ್ವರ ಇಳಿಯದ ಮಗುವಿನ ನಾಲಿಗೆ ಸ್ಟ್ರಾಬೆರಿಯಂತೆ ಕೆಂಪು ಚುಕ್ಕೆಗಳಿಂದ ತುಂಬಿದ್ದರೆ ಮಕ್ಕಳ ವೈದ್ಯರಿಗೆ ಅಂದೇ ತೋರಿಸಿ.

ಇನ್ನುಳಿದದ್ದು ಹುಣ್ಣು. ದುಂಡಗೆ, ಚಿಕ್ಕದಾಗಿ, ಮುಟ್ಟಿದರೆ ಪ್ರಾಣಹೋಗುವಂತೆ ನೋಯುವ ಬಾಯಿಹುಣ್ಣು ಸಾಮಾನ್ಯವಾಗಿ ಎರಡು ವಾರದೊಳಗೆ ಮಾಯುತ್ತದೆ. ಅಂಜಬೇಕಾದ ಹುಣ್ಣು ಮೊದಮೊದಲು ನೋಯದೆಯೇ ಇರಬಹುದು, ಅದರ ಅಂಚು ಬೆರಳಿಗೆ ಗಟ್ಟಿಯಾಗಿ ಹತ್ತುತ್ತದೆ. ಮುರಿದ ಹಲ್ಲು ಉಜ್ಜಿ ಆದದ್ದೆಂದು ಅನಿಸಿದರೆ ದಂತವೈದ್ಯರಲ್ಲಿ ಆ ಹಲ್ಲನ್ನು ಸರಿಮಾಡಿಸಿ ಎರಡು ವಾರ ನೋಡಿ, ಅಷ್ಟಾದರೂ ಮಾಯದಿದ್ದರೆ ಒಂದು ಚೂರು ತೆಗೆದು ಬಯಾಪ್ಸಿ ಮಾಡಬೇಕಾಗುತ್ತದೆ. ಕತ್ತಿ ತಾಗಿಸಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯದಿಂದ ಇದನ್ನು ತಳ್ಳಿಹಾಕುವವರಿದ್ದಾರೆ. ಆ ಭಯಕ್ಕೆ ಆಧಾರವಿಲ್ಲ. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ನಡೆಯುವ ತಪಾಸಣೆಯಲ್ಲಿ ಬಾಯಿಯನ್ನೂ ನೋಡುತ್ತಾರೆ. ಹುಣ್ಣು ಕಂಡ ದಿನವೇ ಕಿಟಕಿಯ ಬೆಳಕಿನಲ್ಲಿ ಒಂದು ಫೋಟೊ ತೆಗೆದುಕೊಂಡು, ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ ಬರೆದಿಡುವ ಗೋಡೆಯ ಕ್ಯಾಲೆಂಡರಿನಲ್ಲಿಯೇ ಒಂದು ಗುರುತು ಹಾಕಿ. ಹದಿನೈದನೆಯ ದಿನವೂ ಅದು ಅಲ್ಲಿಯೇ ಇದ್ದರೆ, ಫೋಟೊವನ್ನೂ ದಿನಾ ನುಂಗುವ ಮಾತ್ರೆಗಳ ಪಟ್ಟಿಯನ್ನೂ ಹಿಡಿದು ದಂತವೈದ್ಯರ ಬಳಿಗೋ ಕಿವಿ ಮೂಗು ಗಂಟಲು ತಜ್ಞರ ಬಳಿಗೋ ಹೋಗಿ.